ಕಾರ್ಬ್ಯುರೇಟರ್ ಇರುವ ಹಳೆಯ ಕ್ಲಾಸಿಕ್ 350ಕ್ಕೆ ಮನೆಯಲ್ಲಿಯೇ ಫ್ಯೂಯಲ್ ಇಂಜೆಕ್ಷನ್ ಅಳವಡಿಸಬಹುದೇ?

ಪ್ರಶ್ನೆ: ಸಕಲೇಶಪುರದ ಸವಾರ

ಎಲ್ಲರಿಗೂ ನಮಸ್ಕಾರ. ನನ್ನ ಬಳಿ 2013ರ ರಾಯಲ್ ಎನ್‌ಫೀಲ್ಡ್ ಕ್ಲಾಸಿಕ್ 350 ಇದೆ. 346 ಸಿಸಿ ಎಂಜಿನ್, ಕಾನ್‌ಸ್ಟೆಂಟ್ ವ್ಯಾಕ್ಯೂಮ್ ಮಾದರಿಯ ಕಾರ್ಬ್ಯುರೇಟರ್ (ಎಂಜಿನ್‌ನ ಸೆಳೆತದಿಂದಲೇ ಗಾಳಿಗೆ ಪೆಟ್ರೋಲ್ ಬೆರೆಸುವ ಸಾಧನ), ಇದುವರೆಗೆ ಓಡಿರುವುದು 71,000 ಕಿ.ಮೀ. ಎಂಜಿನ್‌ನಲ್ಲಿ ಹೊಗೆ ಇಲ್ಲ, ಆಯಿಲ್ ಕುಡಿಯುವುದಿಲ್ಲ, ಟ್ಯಾಪೆಟ್ ಶಬ್ದವೂ ಇಲ್ಲ. ಆದುದರಿಂದ ಬೈಕನ್ನು ಮಾರುವ ಯೋಚನೆ ನನಗಿಲ್ಲ.

ತೊಂದರೆ ಇರುವುದು ಗಾಳಿ-ಪೆಟ್ರೋಲ್ ಮಿಶ್ರಣದಲ್ಲಿ. ನಾನು ತಿಂಗಳಿಗೆ ಎರಡು ಬಾರಿಯಾದರೂ ಶಿರಾಡಿ ಘಾಟಿ ಇಳಿದು ಮಂಗಳೂರಿಗೆ ಹೋಗಿ ಬರುತ್ತೇನೆ. ಅಂದರೆ ಸಮುದ್ರಮಟ್ಟದಿಂದ 900 ಮೀಟರ್‌ಗಿಂತ ಹೆಚ್ಚು ಎತ್ತರದಲ್ಲಿರುವ ಊರಿನಿಂದ ಕೆಲವೇ ಗಂಟೆಗಳಲ್ಲಿ ಕಡಲ ದಂಡೆಗೆ ತಲುಪುತ್ತೇನೆ. ಕೆಳಗೆ ಹೇಗೋ ಸರಿಯಾಗಿ ಓಡುವ ಬೈಕು ಮೇಲೆ ಬಂದ ಮೇಲೆ ಪೆಟ್ರೋಲ್ ಕುಡಿಯುತ್ತದೆ, ಸ್ಲೋ ಸ್ಪೀಡ್‌ನಲ್ಲಿ (ಆಕ್ಸಿಲರೇಟರ್ ಕೊಡದೆ ಎಂಜಿನ್ ಓಡುವಾಗ) ಗುಡುಗುಡು ಎಂದು ಏಳುಬೀಳಾಗುತ್ತದೆ, ಪ್ಲಗ್ ತೆಗೆದು ನೋಡಿದರೆ ಮಸಿ ಹಿಡಿದಿರುತ್ತದೆ. ಕಳೆದ ವರ್ಷ ಮುಳ್ಳಯ್ಯನಗಿರಿಗೆ ಹೋದಾಗಲಂತೂ ಎರಡನೇ ಗೇರಿನಲ್ಲಿಯೂ ಎಳೆತ ಇರಲಿಲ್ಲ. ಮೈಲೇಜ್ 27 ಕಿ.ಮೀ.ಗೆ ಇಳಿದಿದೆ. ಡಿಸೆಂಬರ್ ತಿಂಗಳ ಬೆಳಗಿನ ಚಳಿಯಲ್ಲಿ ಚೋಕ್ ಎಳೆದು ಹತ್ತು ನಿಮಿಷ ಕಾಯುವುದು ಅಭ್ಯಾಸವಾಗಿಬಿಟ್ಟಿದೆ.

2020ರ ಏಪ್ರಿಲ್ 1ರಿಂದ ಹೊಗೆ ಮಿತಿಯ ಬಿಎಸ್6 ನಿಯಮ ಕಡ್ಡಾಯವಾದಾಗ ಇದೇ 346 ಸಿಸಿ ಎಂಜಿನ್‌ಗೆ ಕಂಪನಿಯವರೇ ಫ್ಯೂಯಲ್ ಇಂಜೆಕ್ಷನ್ (ಎಲೆಕ್ಟ್ರಾನಿಕ್ ನಿಯಂತ್ರಣದಲ್ಲಿ ಪೆಟ್ರೋಲ್ ಸಿಂಪಡಿಸುವ ವ್ಯವಸ್ಥೆ) ಕೊಟ್ಟರು ಎಂಬುದು ನನಗೆ ಧೈರ್ಯ ತಂದಿರುವ ಸಂಗತಿ. ಅದಕ್ಕೆ ಸಾಧ್ಯವಾದದ್ದು ನನ್ನ ಬೈಕಿಗೆ ಏಕೆ ಸಾಧ್ಯವಾಗಬಾರದು? ನಾನು ಎಲೆಕ್ಟ್ರಾನಿಕ್ಸ್ ಡಿಪ್ಲೊಮಾ ಓದಿದವನು, ಬೆಸುಗೆ ಹಾಕಬಲ್ಲೆ, ಆರ್ಡುಯಿನೊ ಬಳಸಿ ತೋಟದ ಮೋಟಾರಿಗೆ ಟೈಮರ್ ಮಾಡಿಕೊಂಡಿದ್ದೇನೆ. ಮನೆಯ ಶೆಡ್ಡಿನಲ್ಲಿ ವೈಸ್, ಡ್ರಿಲ್ಲಿಂಗ್ ಮೆಷಿನ್, ಮಲ್ಟಿಮೀಟರ್ ಇವೆ, ವೆಲ್ಡಿಂಗ್ ಮಾತ್ರ ಹೊರಗೆ ಮಾಡಿಸಬೇಕು.

ನನ್ನ ಪ್ರಶ್ನೆಗಳು ಇಷ್ಟು. ಬಿಎಸ್6 ಬೈಕಿನ ಬಿಡಿಭಾಗಗಳನ್ನು ಗುಜರಿಯಿಂದ ತಂದು ಇಡೀ ವ್ಯವಸ್ಥೆಯನ್ನೇ ಕೂರಿಸುವುದು ಒಳ್ಳೆಯದೋ ಅಥವಾ ಸ್ಪೀಡುಯಿನೊದಂತಹ ಮುಕ್ತ ಇಸಿಯು (ಎಷ್ಟು ಪೆಟ್ರೋಲ್ ಬೀಳಬೇಕೆಂದು ನಿರ್ಧರಿಸುವ ಪುಟ್ಟ ಕಂಪ್ಯೂಟರ್) ಬಳಸುವುದು ಒಳ್ಳೆಯದೋ? ಟ್ಯಾಂಕಿನೊಳಗೆ ಪಂಪ್ ಇಡಲು ಏನು ಮಾಡಬೇಕು? ಬೈಕಿನ ಚಾರ್ಜಿಂಗ್ ಈ ಹೊರೆಯನ್ನು ತಡೆಯುತ್ತದೆಯೇ? ಕೈಯಾರೆ ಮಾಡಿ ನೋಡಿದವರು ದಯವಿಟ್ಟು ತಿಳಿಸಬೇಕು.

ಉತ್ತರ: ಹನ್ನೆರಡು ಹಲ್ಲು

ಸರ್, ನಾನು ಮಾಡಿದ್ದೇನೆ. ಕ್ಲಾಸಿಕ್‌ಗೆ ಅಲ್ಲ, 2008ರ 150 ಸಿಸಿ ಬೈಕಿಗೆ. ಒಂದು ಮಳೆಗಾಲದಲ್ಲಿ ಮುಗಿಯುತ್ತದೆ ಎಂದು ಕೈ ಹಾಕಿದ ಕೆಲಸ ಹದಿನಾಲ್ಕು ತಿಂಗಳು ಹಿಡಿಯಿತು. ಈಗ ಅದು ನಿತ್ಯ ಓಡಾಟದಲ್ಲಿದೆ. ಆದುದರಿಂದ ಆಗುವುದಿಲ್ಲ ಎಂದು ನಾನು ಹೇಳಲಾರೆ. ಆದರೆ ಹೊರಗಿನಿಂದ ನೋಡಿದವರಿಗೆ ಕಷ್ಟ ಎನಿಸುವ ಭಾಗ ಒಂದು, ನಿಜವಾಗಿ ಕಷ್ಟ ಕೊಡುವ ಭಾಗ ಇನ್ನೊಂದು.

ಪೆಟ್ರೋಲ್ ಸಿಂಪಡಿಸುವ ಇಂಜೆಕ್ಟರ್‌ನ ಆಯ್ಕೆ ಲೆಕ್ಕದ ವಿಷಯ. ನಿಮ್ಮ ಎಂಜಿನ್ 5,250 ಆರ್‌ಪಿಎಂನಲ್ಲಿ 19.8 ಅಶ್ವಶಕ್ತಿ ಕೊಡುತ್ತದೆ. ಒಂದು ಅಶ್ವಶಕ್ತಿಗೆ ಗಂಟೆಗೆ ಸುಮಾರು 225 ಗ್ರಾಂ ಪೆಟ್ರೋಲ್ ಎಂದು ಹಿಡಿದರೆ ನಿಮಿಷಕ್ಕೆ 75 ಗ್ರಾಂ, ಅಂದರೆ 100 ಸಿಸಿ ಬೇಕಾಗುತ್ತದೆ. ಇಂಜೆಕ್ಟರ್ ಶೇ. 80ಕ್ಕಿಂತ ಹೆಚ್ಚು ಕಾಲ ತೆರೆದಿರಬಾರದು ಎಂಬ ನಿಯಮ ಸೇರಿಸಿದರೆ 3 ಬಾರ್ ಒತ್ತಡದಲ್ಲಿ ನಿಮಿಷಕ್ಕೆ 125ರಿಂದ 150 ಸಿಸಿ ಹರಿಸುವ ಇಂಜೆಕ್ಟರ್ ಸಾಕು. ಇದಕ್ಕಿಂತ ದೊಡ್ಡದನ್ನು ಹಾಕಿದರೆ ಸ್ಲೋ ಸ್ಪೀಡ್‌ನಲ್ಲಿ ಅದು ತೆರೆಯಬೇಕಾದ ಅವಧಿ ಎಷ್ಟು ಚಿಕ್ಕದಾಗುತ್ತದೆ ಎಂದರೆ ಪ್ರತಿ ಬಾರಿಯೂ ಒಂದೇ ಪ್ರಮಾಣ ಬೀಳುತ್ತದೆ ಎಂದು ನಂಬಲಾಗುವುದಿಲ್ಲ. ಕಾರಿನ ಇಂಜೆಕ್ಟರ್ ಅಗ್ಗವಾಗಿ ಸಿಕ್ಕಿತು ಎಂದು ತಂದು ನಾನು ಎರಡು ತಿಂಗಳು ಕಳೆದುಕೊಂಡದ್ದು ಇಲ್ಲಿಯೇ.

ಇನ್ನು ಟ್ಯಾಂಕ್. ಕಾರ್ಬ್ಯುರೇಟರ್‌ಗೆ ಪೆಟ್ರೋಲ್ ತನ್ನ ಭಾರದಿಂದಲೇ ಇಳಿದು ಬರುತ್ತದೆ, ಇಂಜೆಕ್ಟರ್‌ಗೆ 3 ಬಾರ್ ಒತ್ತಡ ಬೇಕು. ಟ್ಯಾಂಕಿನ ತಳಕ್ಕೆ ರಂಧ್ರ ಕೊರೆದು, ಪಂಪ್ ಕೂರುವ ಬಳೆಯನ್ನು ವೆಲ್ಡ್ ಮಾಡಿಸುವುದೇ ಸರಿ ಎಂದು ನಾನೂ ಅಂದುಕೊಂಡಿದ್ದೆ. ಟ್ಯಾಂಕನ್ನು ಖಾಲಿ ಮಾಡಿ, ಎರಡು ದಿನ ಬಿಸಿಲಿಗಿಟ್ಟು, ಸೋಪಿನ ನೀರಿನಲ್ಲಿ ತೊಳೆದು, ಪರಿಚಯದ ಗ್ಯಾರೇಜೊಂದಕ್ಕೆ ಒಯ್ದೆ. ವೆಲ್ಡರ್ ಮೊದಲ ಚುಕ್ಕೆ ಇಟ್ಟ ಕ್ಷಣವೇ ಒಳಗಿನಿಂದ ಡಬ್ ಎಂಬ ಶಬ್ದ ಬಂದು, ಮುಚ್ಚಳದ ಬಾಯಿಂದ ಮೊಳದುದ್ದದ ನೀಲಿ ಜ್ವಾಲೆ ಎದ್ದು ಆರಿತು. ಟ್ಯಾಂಕಿನ ಎರಡು ಪಕ್ಕಗಳು ಬಲೂನಿನಂತೆ ಉಬ್ಬಿದವು. ಮುಚ್ಚಳ ತೆಗೆದಿಟ್ಟಿದ್ದುದರಿಂದ ಆ ಮನುಷ್ಯ ಹುಬ್ಬಿನ ಕೂದಲು ಮಾತ್ರ ಕಳೆದುಕೊಂಡ. ಒಣಗಿದಂತೆ ಕಾಣುವ ಟ್ಯಾಂಕಿನ ಹೊಲಿಗೆಗಳಲ್ಲಿ, ತುಕ್ಕಿನ ಪದರದಲ್ಲಿ ಪೆಟ್ರೋಲ್ ಅಡಗಿರುತ್ತದೆ; ಬಿಸಿ ತಗುಲಿದೊಡನೆ ಆವಿಯಾಗಿ ಹೊರಬರುತ್ತದೆ. ದಯವಿಟ್ಟು ಹಳೆಯ ಟ್ಯಾಂಕಿಗೆ ಬೆಂಕಿ ಮುಟ್ಟಿಸಬೇಡಿ. ನಿಮಗೆ ಅದರ ಅಗತ್ಯವೂ ಇಲ್ಲ. ಕ್ಲಾಸಿಕ್ 500ಕ್ಕೆ 2009ರಿಂದಲೇ ಇಂಜೆಕ್ಷನ್ ಇತ್ತು, ಅದರ ಟ್ಯಾಂಕಿನಲ್ಲಿ ಪಂಪ್‌ಗೆ ಜಾಗ ಕಂಪನಿಯಿಂದಲೇ ಬಂದಿದೆ. ಅಂಥ ಟ್ಯಾಂಕನ್ನೋ 2020ರ ನಂತರದ ಬಿಎಸ್6 ಟ್ಯಾಂಕನ್ನೋ ಪಂಪ್ ಸಮೇತ ಹುಡುಕಿ, ಬೋಲ್ಟ್ ಕೂರುವ ಜಾಗಗಳನ್ನು ಅಳೆದು ನೋಡಿಯೇ ಹಣ ಕೊಡಿ.

ಪೈಪಿನ ವಿಷಯದಲ್ಲಿ ಜಿಪುಣತನ ಸಲ್ಲದು. ಕಾರ್ಬ್ಯುರೇಟರ್‌ನ ಸಾಧಾರಣ ರಬ್ಬರ್ ಪೈಪು 3 ಬಾರ್ ಒತ್ತಡಕ್ಕೆ ಮಾಡಿದ್ದಲ್ಲ. ಪೈಪಿನ ಮೈಮೇಲೆ ಜೆ30 ಆರ್9 ಎಂದು ಅಚ್ಚಾಗಿರುವುದನ್ನೇ ಕೊಳ್ಳಿ. ಬಿಸಿ ಸಿಲಿಂಡರಿನಿಂದ ಒಂದು ಗೇಣು ದೂರದಲ್ಲಿ ಸೂಜಿಮೊನೆಯಷ್ಟು ಸೋರಿಕೆ ಆದರೂ ಅದು ತೊಟ್ಟಿಕ್ಕುವುದಿಲ್ಲ, ಚಿಮ್ಮುತ್ತದೆ.

ಈಗ ನನ್ನ ತಲೆ ಕೆಡಿಸಿದ ವಿಷಯಕ್ಕೆ ಬರುತ್ತೇನೆ. ಇಸಿಯುಗೆ ಎಂಜಿನ್ ಎಷ್ಟು ಗಾಳಿ ಸೇದಿತು ಎಂಬುದು ಗೊತ್ತಾಗಬೇಕು. ಕಾರುಗಳಲ್ಲಿ ಇನ್‌ಟೇಕ್‌ನ (ಗಾಳಿ ಒಳಬರುವ ದಾರಿಯ) ಒತ್ತಡ ಅಳೆಯುವ ಮ್ಯಾಪ್ ಸೆನ್ಸರ್ ಈ ಕೆಲಸ ಮಾಡುತ್ತದೆ, ಏಕೆಂದರೆ ನಾಲ್ಕು ಸಿಲಿಂಡರುಗಳು ಒಂದರ ಹಿಂದೊಂದು ಸೇದುತ್ತಿರುವುದರಿಂದ ಒತ್ತಡ ಬಹುಮಟ್ಟಿಗೆ ಸ್ಥಿರವಾಗಿರುತ್ತದೆ. ಒಂಟಿ ಸಿಲಿಂಡರಿನಲ್ಲಿ ಹಾಗಲ್ಲ. ವಾಲ್ವ್ ತೆರೆದಾಗ ಒತ್ತಡ ಧಡಕ್ಕನೆ ಕುಸಿಯುತ್ತದೆ, ಮುಚ್ಚಿದ ಮೇಲೆ ಥ್ರಾಟಲ್‌ನ (ಆಕ್ಸಿಲರೇಟರ್ ತಿರುಗಿಸಿದಾಗ ತೆರೆಯುವ ಗಾಳಿಯ ಬಾಗಿಲಿನ) ಅಂಚಿನಿಂದ ಗಾಳಿ ನುಸುಳಿ ಮುಂದಿನ ಸೇದುವಿಕೆಯ ಹೊತ್ತಿಗೆ ಬಹುತೇಕ ಹೊರಗಿನ ಒತ್ತಡಕ್ಕೇ ಏರಿರುತ್ತದೆ. ಎರಡು ಸುತ್ತಿಗೊಮ್ಮೆ ಈ ಏರಿಳಿತ. ಇದರ ಸರಾಸರಿ ತೆಗೆದುಕೊಂಡರೆ ಎಂಜಿನ್ ಎಳೆಯುತ್ತಿದೆಯೋ ಸುಮ್ಮನೆ ತಿರುಗುತ್ತಿದೆಯೋ ಎಂಬ ವ್ಯತ್ಯಾಸವೇ ಮಸುಕಾಗುತ್ತದೆ. ಸ್ಪೀಡುಯಿನೊದಲ್ಲಿ ಪ್ರತಿ ಎರಡು ಸುತ್ತಿನಲ್ಲಿ ಕಂಡ ಕನಿಷ್ಠ ಒತ್ತಡವನ್ನು ಮಾತ್ರ ಓದುವ ಆಯ್ಕೆಯಿದೆ. ಅದನ್ನು ಆರಿಸಿ, ಸೆನ್ಸರ್‌ನ ಪೈಪನ್ನು ಗೇಣುದ್ದಕ್ಕಿಂತ ಕಡಿಮೆ ಮಾಡಿದ ಮೇಲೆ ನನ್ನ ಬೈಕು ಮೊದಲ ಬಾರಿಗೆ ಸಿಗ್ನಲ್‌ನಲ್ಲಿ ಆಫ್ ಆಗದೆ ನಿಂತಿತು.

ಮ್ಯಾಪ್ ಸೆನ್ಸರ್ ಗೋಜೇ ಬೇಡ, ಥ್ರಾಟಲ್ ಎಷ್ಟು ತೆರೆದಿದೆ ಎಂಬುದನ್ನು ಮಾತ್ರ ನೋಡಿ ಪೆಟ್ರೋಲ್ ಹಾಕೋಣ ಎಂದು ಹಲವರು ಸಲಹೆ ಕೊಡುತ್ತಾರೆ. ಆ ದಾರಿ ಸುಲಭವೇ. ಆದರೆ ನಿಮ್ಮ ತಕರಾರು ಇರುವುದೇ ಘಟ್ಟದ ಎತ್ತರದಲ್ಲಿ. ಹೊರಗಿನ ಗಾಳಿಯ ಒತ್ತಡ ಓದಲು ಪ್ರತ್ಯೇಕ ಸೆನ್ಸರ್ ಇಲ್ಲದಿದ್ದರೆ ಥ್ರಾಟಲ್ ಕೋನ ಶಿರಾಡಿಯ ಮೇಲೂ ಒಂದೇ, ಕೆಳಗೂ ಒಂದೇ. ಇಷ್ಟೆಲ್ಲ ಖರ್ಚು ಮಾಡಿ ಕಾರ್ಬ್ಯುರೇಟರ್‌ಗಿಂತ ದಡ್ಡ ವ್ಯವಸ್ಥೆಯನ್ನು ಕಟ್ಟಿದಂತಾಗುತ್ತದೆ.

ಬಿಎಸ್6 ಬೈಕಿನ ಇಸಿಯು ಸಮೇತ ಎಲ್ಲವನ್ನೂ ತರುವುದಾದರೆ ಟ್ಯೂನಿಂಗ್ ಕೆಲಸ ತಪ್ಪುತ್ತದೆ ಎಂಬುದು ನಿಜ, ಆದರೆ ಆಗ ಅರ್ಧ ಮಾತ್ರ ತರಲಾಗದು. ಆ ಇಸಿಯು ತನ್ನ ಮ್ಯಾಗ್ನೆಟ್‌ನ (ಕ್ರ್ಯಾಂಕ್ ಜೊತೆ ತಿರುಗುವ ಚಕ್ರದ) ಹಲ್ಲುಗಳು, ತನ್ನ ಸೆನ್ಸರುಗಳು, ತನ್ನದೇ ವೈರಿಂಗ್ ಎಲ್ಲವನ್ನೂ ಕೇಳುತ್ತದೆ. ಅಪಘಾತವಾದ ಒಂದು ಇಡೀ ಬೈಕು ಸಿಕ್ಕರೆ ಆ ದಾರಿ, ಬಿಡಿಬಿಡಿಯಾಗಿ ಸಿಕ್ಕರೆ ಸ್ಪೀಡುಯಿನೊ. ನನಗೆ ಹಾಳು ಮಾಡಿಕೊಂಡದ್ದೂ ಸೇರಿ 34,000 ರೂಪಾಯಿ ಆಯಿತು.

ಉತ್ತರ: ತಾಮ್ರದ ತಂತಿ

ಮೇಲಿನವರು ಬಿಟ್ಟಿರುವ ವಿದ್ಯುತ್ ಭಾಗವನ್ನು ನಾನು ಹೇಳುತ್ತೇನೆ. ವೈರಿಂಗ್ ನನ್ನ ಹೊಟ್ಟೆಪಾಡು.

ಕಾರ್ಬ್ಯುರೇಟರ್ ಬೈಕಿಗೆ ಕಿಡಿಯೊಂದಿದ್ದರೆ ಸಾಕು. ಬ್ಯಾಟರಿ ಸತ್ತಿದ್ದರೂ ಅನೇಕ ಹಳೆಯ ಬೈಕುಗಳು ಕಿಕ್ ಹೊಡೆದರೆ ಎದ್ದು ನಿಲ್ಲುತ್ತವೆ. ಇಂಜೆಕ್ಷನ್‌ಗೆ ಆ ಸಲುಗೆ ಇಲ್ಲ. ಪಂಪ್ ಎರಡು ಮೂರು ಆಂಪಿಯರ್ ಎಳೆಯುತ್ತದೆ, ಹೊಗೆಯಲ್ಲಿ ಉಳಿದ ಆಕ್ಸಿಜನ್ ನೋಡಿ ಮಿಶ್ರಣ ತಿಳಿಸುವ ಆಕ್ಸಿಜನ್ ಸೆನ್ಸರ್‌ನ ಹೀಟರ್ ಒಂದು ಆಂಪಿಯರ್‌ಗೆ ಕಡಿಮೆಯಿಲ್ಲ, ಇಂಜೆಕ್ಟರ್ ಮತ್ತು ಇಸಿಯು ಸೇರಿ ಇನ್ನೊಂದು. ಒಟ್ಟು ಐದು ಆಂಪಿಯರ್ ಎಂದರೆ 60 ವ್ಯಾಟ್, ಅಂದರೆ ಹಗಲಿನಲ್ಲಿಯೂ ಇನ್ನೊಂದು ಹೆಡ್‌ಲೈಟ್ ಸದಾ ಉರಿಯುತ್ತಿದ್ದಂತೆ. ನಿಮ್ಮ ಬೈಕಿನಲ್ಲಿ ಸೆಲ್ಫ್ ಸ್ಟಾರ್ಟ್‌ಗೆ ತಕ್ಕ ದೊಡ್ಡ ಬ್ಯಾಟರಿ ಇರುವುದು ಅನುಕೂಲವೇ, ಆದರೆ ಬ್ಯಾಟರಿ ಉಗ್ರಾಣ ಮಾತ್ರ, ಗದ್ದೆ ಅಲ್ಲ. ಯಾವ ಭಾಗವನ್ನೂ ಕೊಳ್ಳುವ ಮೊದಲು ಒಂದು ಸಂಜೆ ಈ ಪರೀಕ್ಷೆ ಮಾಡಿ: ಎಂಜಿನ್ ಚಾಲೂ ಇಟ್ಟು, ಹೆಡ್‌ಲೈಟ್ ಹಾಕಿ, ಬ್ಯಾಟರಿಗೆ ಇನ್ನೊಂದು 55 ವ್ಯಾಟಿನ ಬಲ್ಬನ್ನು ನೇರ ಜೋಡಿಸಿ, ಮಲ್ಟಿಮೀಟರ್ ಇಟ್ಟು ನೋಡಿ. ಸುಮಾರು 2,000 ಆರ್‌ಪಿಎಂನಲ್ಲಿ ವೋಲ್ಟೇಜ್ 13.5ಕ್ಕಿಂತ ಮೇಲೆ ನಿಂತರೆ ಮುಂದುವರಿಯಿರಿ. 12.5ರ ಕಡೆಗೆ ಜಾರುತ್ತಿದ್ದರೆ ಮೊದಲು ಚಾರ್ಜಿಂಗ್ ಸರಿಪಡಿಸಿ.

ವೋಲ್ಟೇಜ್ ಇಳಿದರೆ ದೀಪ ಮಂದವಾಗುತ್ತದೆ, ಅಷ್ಟೇ ತಾನೆ ಎಂದುಕೊಳ್ಳಬಾರದು. ಇಂಜೆಕ್ಟರ್‌ಗೆ ಕರೆಂಟ್ ಕೊಟ್ಟ ಕ್ಷಣವೇ ಅದು ತೆರೆಯುವುದಿಲ್ಲ. ಸುಮಾರು ಒಂದು ಮಿಲಿಸೆಕೆಂಡ್ ತಡವಾಗುತ್ತದೆ. ವೋಲ್ಟೇಜ್ ಇಳಿದಷ್ಟೂ ಆ ತಡ ಹೆಚ್ಚುತ್ತದೆ. ಸ್ಲೋ ಸ್ಪೀಡ್‌ನಲ್ಲಿ ಇಂಜೆಕ್ಟರ್ ತೆರೆದಿರುವುದೇ ಎರಡು ಮೂರು ಮಿಲಿಸೆಕೆಂಡ್ ಆಗಿರುವಾಗ ಅರ್ಧ ಮಿಲಿಸೆಕೆಂಡ್ ಎಂಬುದು ಸಣ್ಣ ಮೊತ್ತವಲ್ಲ. ಬ್ರೇಕ್ ಲೈಟ್ ಮತ್ತು ಇಂಡಿಕೇಟರ್ ಹಾಕಿದಾಗ ಮಾತ್ರ ಬೈಕ್ ಆಫ್ ಆಗುತ್ತದೆ ಎಂದು ಗೋಳಾಡಿದ ಒಬ್ಬರ ಬೈಕಿನಲ್ಲಿ ನಾನು ಕಂಡದ್ದು ಇದನ್ನೇ. ಇಸಿಯುನಲ್ಲಿ ಪ್ರತಿ ವೋಲ್ಟೇಜ್‌ಗೆ ಎಷ್ಟು ತಡ ಎಂಬ ಪಟ್ಟಿಯನ್ನು ಅವರು ತುಂಬಿಯೇ ಇರಲಿಲ್ಲ.

ಎರಡನೆಯದು ಕ್ರ್ಯಾಂಕ್ (ಪಿಸ್ಟನ್ ತಿರುಗಿಸುವ ದಂಡ) ಎಲ್ಲಿದೆ ಎಂದು ತಿಳಿಸುವ ಸಿಗ್ನಲ್. ಹಳೆಯ ಬೈಕುಗಳ ಮ್ಯಾಗ್ನೆಟ್‌ನಲ್ಲಿ ಸಾಮಾನ್ಯವಾಗಿ ಒಂದೇ ಉಬ್ಬು ಇರುತ್ತದೆ, ಸುತ್ತಿಗೊಂದು ಸಿಗ್ನಲ್. ಒಂಟಿ ಸಿಲಿಂಡರ್ ಎಂಜಿನ್ ಒಂದೇ ವೇಗದಲ್ಲಿ ತಿರುಗುವುದಿಲ್ಲ, ಕಂಪ್ರೆಷನ್ ಬಂದಾಗ ಮುಗ್ಗರಿಸಿ, ಪವರ್ ಬಂದಾಗ ಜಿಗಿಯುತ್ತದೆ. ಆದ್ದರಿಂದ ಸುತ್ತಿನ ನಡುವೆ ಎಂಜಿನ್ ಎಲ್ಲಿದೆ ಎಂದು ಇಸಿಯು ಊಹಿಸುವುದು, ಅದರಲ್ಲೂ ಸ್ಟಾರ್ಟ್ ಮಾಡುವಾಗ, ಕುರುಡನು ಮೆಟ್ಟಿಲು ಎಣಿಸಿದಂತೆ. ಹನ್ನೆರಡು ಹಲ್ಲಿನಲ್ಲಿ ಒಂದು ಹಲ್ಲು ಕಡಿಮೆ ಇರುವ ಬಳೆಯನ್ನು ಲೇತ್‌ನವರ ಬಳಿ ಮಾಡಿಸಿ ಕೂರಿಸಬಹುದು. ಮೇಲಿನವರ ಹೆಸರು ನೋಡಿದರೆ ಅವರೂ ಅದನ್ನೇ ಮಾಡಿರಬೇಕು. ಪಿಕಪ್ (ಹಲ್ಲು ಓದುವ ಸೆನ್ಸರ್) ಮತ್ತು ಹಲ್ಲಿನ ನಡುವಿನ ಅಂತರ 0.7 ಮಿ.ಮೀ. ಆಸುಪಾಸಿನಲ್ಲಿರಲಿ. ಪಿಕಪ್‌ನ ವೈರು ಜಾಲರಿ ಹೊದಿಕೆಯದಾಗಿರಲಿ, ಆ ಜಾಲರಿಯನ್ನು ಇಸಿಯು ಕಡೆಯ ಒಂದೇ ತುದಿಯಲ್ಲಿ ಅರ್ಥ್ ಮಾಡಿ. ರೆಸಿಸ್ಟರ್ ಇರುವ ಪ್ಲಗ್ ಕ್ಯಾಪ್ ಹಾಕದಿದ್ದರೆ ಪ್ರತಿ ಕಿಡಿಗೂ ಇಸಿಯು ಬೆಚ್ಚಿಬೀಳುತ್ತದೆ.

ಪಂಪ್‌ನ ರಿಲೇಯನ್ನು ಇಗ್ನಿಷನ್ ಕೀಗೆ ನೇರವಾಗಿ ಜೋಡಿಸಬೇಡಿ. ಇಸಿಯು ಮೂಲಕವೇ ಹೋಗಲಿ, ಎಂಜಿನ್ ನಿಂತರೆ ಪಂಪ್ ನಿಲ್ಲುವಂತಿರಲಿ, ಅದರ ಸಾಲಿನಲ್ಲಿ ಬೈಕ್ ಮಗುಚಿದರೆ ಕಡಿತ ಮಾಡುವ ಸೆನ್ಸರ್ ಕೂಡ ಇರಲಿ. ಬೋರ್ಡಿನ ಸಾಮಾನುಗಳಿಗೆ ಬೆಂಗಳೂರಿನ ಎಸ್.ಪಿ. ರಸ್ತೆ, ಕನೆಕ್ಟರ್ ಮತ್ತು ರಿಲೇಗಳಿಗೆ ಜೆ.ಸಿ. ರಸ್ತೆ. ಕನೆಕ್ಟರ್ ನೀರು ಹೋಗದಂಥದ್ದೇ ಆಗಲಿ. ಸಕಲೇಶಪುರದ ಮಳೆಯ ಬಗ್ಗೆ ನಿಮಗೆ ನಾನು ಹೇಳಬೇಕಾಗಿಲ್ಲ.

ಉತ್ತರ: ಸ್ಲೋ ಜೆಟ್, ಹುಬ್ಬಳ್ಳಿ

ನಾನು ಮೂವತ್ತು ವರ್ಷಗಳಿಂದ ಕಾರ್ಬ್ಯುರೇಟರ್ ಬಿಚ್ಚಿ ಜೋಡಿಸುತ್ತ ಬಂದವನು, ಆದ್ದರಿಂದ ನನ್ನ ಮಾತಿನಲ್ಲಿ ಪಕ್ಷಪಾತ ಇದ್ದೀತು. ಆದರೂ ಪ್ರಶ್ನೆ ಕೇಳಿದವರ ಬರಹದಲ್ಲಿಯೇ ಇರುವ ಒಂದು ವಿಚಿತ್ರವನ್ನು ಯಾರೂ ಗಮನಿಸಿದಂತೆ ಕಾಣಲಿಲ್ಲ.

2023ರ ಫೆಬ್ರುವರಿಯಲ್ಲಿ ಬೆಂಗಳೂರಿನ ಕಾರ್ಯಕ್ರಮದಲ್ಲಿ ಇ20 (ಶೇ. 20 ಎಥನಾಲ್ ಬೆರೆಸಿದ) ಪೆಟ್ರೋಲ್ ಬಿಡುಗಡೆಯಾಯಿತು, ಈಗ ಬಂಕ್‌ಗಳಲ್ಲಿ ಸಿಗುವುದು ಅದೇ. ಶುದ್ಧ ಪೆಟ್ರೋಲ್‌ನ ಒಂದು ಭಾಗ ಪೂರ್ತಿ ಉರಿಯಲು ತೂಕದಲ್ಲಿ 14.7 ಭಾಗ ಗಾಳಿ ಬೇಕು, ಇ20ಗೆ ಸುಮಾರು 13.5 ಭಾಗ ಸಾಕು. ಪೆಟ್ರೋಲ್ ಹರಿಯುವ ಜೆಟ್‌ನ ರಂಧ್ರ ಮೊದಲಿನಷ್ಟೇ ಇರುವುದರಿಂದ ಹಳೆಯ ಕಾರ್ಬ್ಯುರೇಟರ್ ಬೈಕಿನಲ್ಲಿ ಇ20 ಹಾಕಿದರೆ ಮಿಶ್ರಣ ಶೇ. 7–8ರಷ್ಟು ತೆಳುವಾಗಬೇಕು (ಪೆಟ್ರೋಲ್ ಕಡಿಮೆ ಬೀಳಬೇಕು), ಪ್ಲಗ್ ಬಿಳಿಚಿಕೊಳ್ಳಬೇಕು. ನಿಮ್ಮ ಪ್ಲಗ್ ಕಪ್ಪಾಗಿದೆ ಎನ್ನುತ್ತೀರಿ. ಎತ್ತರದ ಕಾರಣದಿಂದ ಮಿಶ್ರಣ ದಪ್ಪವಾಗುತ್ತದೆ, ಅಂದರೆ ಪೆಟ್ರೋಲ್ ಹೆಚ್ಚಾಗುತ್ತದೆ ಎಂಬುದೂ ನಿಜವೇ, ಆದರೆ ಮುಳ್ಳಯ್ಯನಗಿರಿಯ 1,930 ಮೀಟರ್ ಎತ್ತರದಲ್ಲಿಯೂ ಆ ವ್ಯತ್ಯಾಸ ಸಮುದ್ರಮಟ್ಟಕ್ಕೆ ಹೋಲಿಸಿದರೆ ಶೇ. 10ರ ಸುತ್ತಮುತ್ತ, ನಿಮ್ಮ ಊರಿನ ಮಟ್ಟದಲ್ಲಿ ಅದರ ಅರ್ಧ. ಇ20 ಅದನ್ನು ನುಂಗಿಹಾಕಬೇಕಿತ್ತು. ಅಲ್ಲದೆ ನಿಮ್ಮದು ವ್ಯಾಕ್ಯೂಮ್‌ನಿಂದ ಸ್ಲೈಡ್ ಏಳುವ ಕಾರ್ಬ್ಯುರೇಟರ್, ಎತ್ತರದ ಬದಲಾವಣೆಯನ್ನು ಅದು ಸ್ವಲ್ಪಮಟ್ಟಿಗೆ ತಾನೇ ಸರಿದೂಗಿಸಿಕೊಳ್ಳುತ್ತದೆ. ಇಷ್ಟಾದರೂ ಮಸಿ ಹಿಡಿಯುತ್ತಿದೆ ಎಂದರೆ ಎಲ್ಲಿಂದಲೋ ಲೆಕ್ಕಕ್ಕೆ ಸಿಗದ ಪೆಟ್ರೋಲ್ ಒಳಗೆ ಹೋಗುತ್ತಿದೆ.

71,000 ಕಿ.ಮೀ. ಓಡಿದ ಕಾರ್ಬ್ಯುರೇಟರ್‌ನಲ್ಲಿ ನಾನು ಮೊದಲು ನೋಡುವುದು ಮೂರು ಜಾಗ. ಚೋಕ್‌ನ ಪ್ಲಂಜರ್ ತುದಿಯಲ್ಲಿರುವ ರಬ್ಬರ್ ಗಟ್ಟಿಯಾಗಿ ಅಥವಾ ತಿಂದುಹೋಗಿ, ಚೋಕ್ ಒಳಗೆ ತಳ್ಳಿದ ಮೇಲೂ ದಾರಿ ಪೂರ್ತಿ ಮುಚ್ಚದಿರುವುದು. ಫ್ಲೋಟ್ ವಾಲ್ವ್‌ನ ತುದಿ ಸವೆದು ಕೊಠಡಿಯಲ್ಲಿ ಪೆಟ್ರೋಲ್ ಮಟ್ಟ ಏರಿರುವುದು. ನೀಡಲ್ ಮೇಲೆ ಕೆಳಗೆ ಆಡಿ ಆಡಿ ನೀಡಲ್ ಜೆಟ್‌ನ ದುಂಡು ರಂಧ್ರ ಮೊಟ್ಟೆಯಾಕಾರ ತಾಳಿರುವುದು. ಕೊನೆಯದು ಬರಿಗಣ್ಣಿಗೆ ಕಾಣುವುದಿಲ್ಲ, ಭೂತಗನ್ನಡಿ ಹಿಡಿದು ಬೆಳಕಿಗೆ ಒಡ್ಡಬೇಕು. ಮೂರನ್ನೂ ಬದಲಿಸಿದರೂ ಇಂಜೆಕ್ಷನ್‌ನ ಒಂದು ಪಂಪ್‌ನಷ್ಟು ಖರ್ಚಾಗುವುದಿಲ್ಲ.

ಇಂಜೆಕ್ಷನ್ ಎಂದರೆ ಮುಂದುವರಿದದ್ದು, ಕಾರ್ಬ್ಯುರೇಟರ್ ಎಂದರೆ ಹಿಂದುಳಿದದ್ದು ಎಂಬ ಭಾವನೆಯೂ ಪೂರ್ತಿ ಸರಿಯಲ್ಲ. ನಮ್ಮ ದೇಶದಲ್ಲಿ 2006ರಲ್ಲಿಯೇ ಇಂಜೆಕ್ಷನ್ ಇರುವ ಗ್ಲಾಮರ್ ಎಫ್‌ಐ ಬೈಕು ಬಂದಿತ್ತು. 2007ರಲ್ಲಿ ಇಂಜೆಕ್ಷನ್ ಸಮೇತ ಬಂದ ಪಲ್ಸರ್ 220 ಬೈಕಿಗೆ 2009ರಲ್ಲಿ ಕಂಪನಿಯವರೇ ಕಾರ್ಬ್ಯುರೇಟರ್ ಹಾಕಿದರು. ಬೆಲೆ ಇಳಿಯಿತು, ಶಕ್ತಿ ಇಳಿಯಲಿಲ್ಲ, ಬೈಕು ಮೊದಲಿಗಿಂತ ಚೆನ್ನಾಗಿ ಮಾರಾಟವಾಯಿತು.

ಇನ್ನು ಕಾನೂನು. ಮೋಟಾರು ವಾಹನ ಕಾಯ್ದೆಯ 52ನೇ ಕಲಮು, ತಯಾರಕರು ನಮೂದಿಸಿದ ವಿವರಗಳಿಗೂ ಆರ್‌ಸಿಯಲ್ಲಿರುವ ವಿವರಗಳಿಗೂ ವ್ಯತ್ಯಾಸ ಬರುವಂತೆ ವಾಹನವನ್ನು ಬದಲಿಸಬಾರದು ಎನ್ನುತ್ತದೆ. 2019ರ ತಿದ್ದುಪಡಿಯಲ್ಲಿ ಸೇರಿದ 182ಎ ಕಲಮಿನಂತೆ ಅನುಮತಿಯಿಲ್ಲದ ಪ್ರತಿಯೊಂದು ಮಾರ್ಪಾಡಿಗೂ 5,000 ರೂಪಾಯಿ ದಂಡ ಅಥವಾ ಆರು ತಿಂಗಳವರೆಗೆ ಸೆರೆವಾಸ ಅಥವಾ ಎರಡನ್ನೂ ವಿಧಿಸಬಹುದು. ಇಂಧನ ಪೆಟ್ರೋಲೇ ಆಗಿರುವಾಗ ಏನು ಬದಲಾಯಿತು ಎಂದು ವಾದಿಸಬಹುದು. ಆದರೆ ಬೇರೆ ಬೈಕಿನ ಟ್ಯಾಂಕ್, ಮನೆಯಲ್ಲಿ ಮಾಡಿದ ಇಸಿಯು ಇರುವ ಗಾಡಿಗೆ ಬೆಂಕಿ ಹತ್ತಿಕೊಂಡರೆ ವಿಮೆಯವರ ಮುಂದೆ ಆ ವಾದ ಎಷ್ಟು ಹೊತ್ತು ನಿಂತೀತು? ಆರ್‌ಟಿಒ ಕಚೇರಿಯಲ್ಲಿ ಮೊದಲೇ ಲಿಖಿತವಾಗಿ ಕೇಳಿ, ಉತ್ತರ ಬಂದ ಮೇಲೆಯೇ ಕೈ ಹಾಕಿ.

ಸಕಲೇಶಪುರದ ಸವಾರ

ಮೂವರಿಗೂ ಧನ್ಯವಾದಗಳು. ಟ್ಯಾಂಕಿನ ಕಥೆ ಓದಿದ ಮೇಲೆ ವೆಲ್ಡಿಂಗ್ ಯೋಚನೆಯನ್ನು ಅಲ್ಲಿಗೇ ಬಿಟ್ಟೆ. ಹುಬ್ಬಳ್ಳಿಯವರ ಮಾತು ಮನಸ್ಸಿನಲ್ಲಿ ಕೊರೆಯುತ್ತಿದೆ. ಪ್ಲಗ್‌ನ ಬಣ್ಣ ನೋಡಿ ಊಹಿಸುವ ಬದಲು, ಹೇಗಿದ್ದರೂ ಮುಂದೆ ಇಂಜೆಕ್ಷನ್‌ಗೆ ಬೇಕಾಗುವ ವೈಡ್‌ಬ್ಯಾಂಡ್ ಆಕ್ಸಿಜನ್ ಸೆನ್ಸರನ್ನು ಈಗಲೇ ಕೊಂಡು, ಕಾರ್ಬ್ಯುರೇಟರ್ ಇರುವಾಗಲೇ ಹಾಕಿ ಅಳೆದರೆ ಹೇಗೆ? ಎಂಜಿನ್‌ನಿಂದ ಸೈಲೆನ್ಸರ್‌ಗೆ ಹೋಗುವ ಬೆಂಡ್ ಪೈಪಿನಲ್ಲಿ ಅದನ್ನು ಎಲ್ಲಿ ಕೂರಿಸಬೇಕು?

ಹನ್ನೆರಡು ಹಲ್ಲು

ಇದು ಸರಿಯಾದ ಕ್ರಮ, ನಾನು ಮಾಡದೆ ಪಶ್ಚಾತ್ತಾಪ ಪಟ್ಟ ಕ್ರಮವೂ ಹೌದು. ಬಾಷ್‌ನ ಎಲ್‌ಎಸ್‌ಯು 4.9 ಸೆನ್ಸರ್‌ಗೆ 18 ಮಿ.ಮೀ. ಮರೆ (ಥ್ರೆಡ್) ಇರುವ ನಟ್ಟನ್ನು ಬೆಂಡ್ ಪೈಪಿಗೆ ವೆಲ್ಡ್ ಮಾಡಿಸಬೇಕು. ಪೈಪನ್ನು ಬಿಚ್ಚಿಕೊಂಡು ಹೋಗಿಯೇ ಮಾಡಿಸಿ, ಬೈಕಿನ ಮೇಲೆ ಇರುವಾಗ ವೆಲ್ಡಿಂಗ್ ಮಾಡಿದರೆ ಎಲೆಕ್ಟ್ರಾನಿಕ್ಸ್‌ಗೆ ಪೆಟ್ಟು ಬೀಳುತ್ತದೆ. ಸೆನ್ಸರ್‌ನ ಮೂತಿ ಕೆಳಮುಖವಾಗಿರಲಿ, ಅಡ್ಡಗೆರೆಯಿಂದ ಕನಿಷ್ಠ 10 ಡಿಗ್ರಿ ಮೇಲಕ್ಕೆ ಓರೆಯಾಗಿರಲಿ. ಇಲ್ಲದಿದ್ದರೆ ಬೆಳಗಿನ ಹೊತ್ತು ಪೈಪಿನಲ್ಲಿ ಕಟ್ಟುವ ನೀರ ಹನಿ ಬಿಸಿ ಸೆರಾಮಿಕ್ ಮೇಲೆ ಬಿದ್ದು ಅದು ಬಿರುಕು ಬಿಡುತ್ತದೆ. ಸೈಲೆನ್ಸರ್‌ನ ತುದಿಯಲ್ಲಿ ಮಾತ್ರ ಇಡಬೇಡಿ, ಒಂಟಿ ಸಿಲಿಂಡರ್ ಹೊರಗಿನ ಗಾಳಿಯನ್ನು ಹಿಂದಕ್ಕೆ ಸೇದಿಕೊಂಡು ಸುಳ್ಳು ಲೆಕ್ಕ ತೋರಿಸುತ್ತದೆ.

ಇನ್ನೊಂದು ವಿಷಯ. ಮೀಟರಿನಲ್ಲಿ 14.7, 13.2 ಎಂದು ಬರುವ ಸಂಖ್ಯೆಯನ್ನು ನೋಡದೆ ಲ್ಯಾಂಬ್ಡಾ ಸಂಖ್ಯೆಯನ್ನು ನೋಡಿ. ಸೆನ್ಸರ್‌ಗೆ ಪೆಟ್ರೋಲ್ ಯಾವುದು ಎಂಬುದು ಗೊತ್ತಿಲ್ಲ. ಇ20 ಹಾಕಿದಾಗ ನಿಜವಾದ ಅನುಪಾತ 13.5 ಇದ್ದರೂ ಅದು 14.7 ಎಂದೇ ತೋರಿಸುತ್ತದೆ. ಲ್ಯಾಂಬ್ಡಾ 1 ಎಂದರೆ ಯಾವ ಪೆಟ್ರೋಲ್‌ಗಾದರೂ ಸರಿಸಮ, ಅದಕ್ಕಿಂತ ಕಡಿಮೆ ಎಂದರೆ ದಪ್ಪ ಮಿಶ್ರಣ. ಪೂರ್ತಿ ಎಳೆಯುವಾಗ 0.88ರ ಆಸುಪಾಸು, ಸಮವೇಗದಲ್ಲಿ 0.95ರಿಂದ 1ರ ನಡುವೆ ಇದ್ದರೆ ಗಾಳಿಯಿಂದ ತಣಿಯುವ ಎಂಜಿನ್‌ಗೆ ಸಾಕು.

ಸಕಲೇಶಪುರದ ಸವಾರ (ಐದು ವಾರಗಳ ನಂತರ)

ಅಳೆದೆ. ಮೊದಲ ದಿನದ ಸಂಖ್ಯೆಗಳನ್ನು ನೋಡಿ ಮೀಟರೇ ಕೆಟ್ಟಿದೆ ಎಂದುಕೊಂಡೆ. ಸ್ಲೋ ಸ್ಪೀಡ್‌ನಲ್ಲಿ ಲ್ಯಾಂಬ್ಡಾ 0.74, ನಾಲ್ಕನೇ ಗೇರಿನಲ್ಲಿ 50 ಕಿ.ಮೀ. ವೇಗದಲ್ಲಿ 0.81, ಪೂರ್ತಿ ಎಳೆದಾಗ 0.87. ಅಂದರೆ ಥ್ರಾಟಲ್ ಹೆಚ್ಚು ತೆರೆದಷ್ಟೂ ಸರಿಹೋಗುತ್ತಿತ್ತು, ಮುಚ್ಚಿದಷ್ಟೂ ಕೆಡುತ್ತಿತ್ತು. ಪೂರ್ತಿ ಎಳೆದಾಗ ಪೆಟ್ರೋಲ್ ಕೊಡುವ ಮೇನ್ ಜೆಟ್ ತಪ್ಪಿತಸ್ಥನಲ್ಲ ಎಂಬುದು ಅಲ್ಲಿಯೇ ತಿಳಿಯಿತು. ಕಾರ್ಬ್ಯುರೇಟರ್ ಇಳಿಸಿ ಚೋಕ್‌ನ ಪ್ಲಂಜರನ್ನು ತೆಗೆದು ಉಗುರಿನಿಂದ ಒತ್ತಿದರೆ ತುದಿಯ ರಬ್ಬರ್ ಬಿಸ್ಕತ್ತಿನಂತೆ ಪುಡಿಯಾಯಿತು. ಅರ್ಧಚಂದ್ರದ ಆಕಾರದಲ್ಲಿ ಒಂದು ಚೂರು ಮೊದಲೇ ಕಾಣೆಯಾಗಿತ್ತು. ಇಷ್ಟು ದಿನ ನಾನು ಅರ್ಧ ಚೋಕ್ ಎಳೆದುಕೊಂಡೇ ಶಿರಾಡಿ ಹತ್ತುತ್ತಿದ್ದೆ.

ಪ್ಲಂಜರ್, ಫ್ಲೋಟ್ ವಾಲ್ವ್, ನೀಡಲ್ ಮತ್ತು ನೀಡಲ್ ಜೆಟ್ ಹೊಸದು ಹಾಕಿ, ಏರ್ ಸ್ಕ್ರೂವನ್ನು ಮೀಟರ್ ನೋಡಿಕೊಂಡು ತಿರುಗಿಸಿದೆ. ಈಗ ಸ್ಲೋ ಸ್ಪೀಡ್‌ನಲ್ಲಿ 0.92, ಸಮವೇಗದಲ್ಲಿ 0.98. ಪೂರ್ತಿ ಎಳೆದಾಗ 0.95ಕ್ಕೆ ಏರಿಬಿಟ್ಟಿದೆ, ಅದು ಇ20 ಪ್ರಭಾವವಿರಬೇಕು. ಒಂದು ಅಳತೆ ದೊಡ್ಡ ಮೇನ್ ಜೆಟ್ ತರಿಸಿದ್ದೇನೆ. ಕಳೆದ ಎರಡು ಟ್ಯಾಂಕುಗಳಲ್ಲಿ ಮೈಲೇಜ್ 33 ಬಂದಿದೆ.

ತಾಮ್ರದ ತಂತಿಯವರು ಹೇಳಿದ ಬಲ್ಬಿನ ಪರೀಕ್ಷೆಯನ್ನೂ ಮಾಡಿದೆ. ಹೆಡ್‌ಲೈಟ್ ಮತ್ತು 55 ವ್ಯಾಟಿನ ಬಲ್ಬು ಎರಡೂ ಉರಿಯುವಾಗ 2,000 ಆರ್‌ಪಿಎಂನಲ್ಲಿ 13.1 ವೋಲ್ಟ್, ಸ್ಲೋ ಸ್ಪೀಡ್‌ನಲ್ಲಿ 12.3. ಇದರಲ್ಲಿ ಇಂಜೆಕ್ಷನ್ ನಿಲ್ಲುವುದಿಲ್ಲ ಎಂದು ನನಗೇ ಅನಿಸಿದೆ. ಹೆಡ್‌ಲೈಟ್‌ಗೆ ಎಲ್‌ಇಡಿ ಹಾಕಿದರೆ ಎಷ್ಟು ಉಳಿಯುತ್ತದೆ ಎಂದು ನೋಡಬೇಕು. ಆರ್‌ಟಿಒ ಕಚೇರಿಗೆ ಪತ್ರ ಕೊಟ್ಟಿದ್ದೇನೆ, ಸ್ವೀಕೃತಿ ಮಾತ್ರ ಬಂದಿದೆ.

ಸ್ಲೋ ಜೆಟ್, ಹುಬ್ಬಳ್ಳಿ

ಮೇನ್ ಜೆಟ್ ವಿಷಯದಲ್ಲಿ ಅವಸರ ಬೇಡ. ರಂಧ್ರದ ವ್ಯಾಸ ಶೇ. 4 ಹೆಚ್ಚಿದರೆ ಅದರ ವಿಸ್ತೀರ್ಣ ಶೇ. 8 ಹೆಚ್ಚುತ್ತದೆ, ಆದ್ದರಿಂದ ಒಂದು ಅಳತೆಗಿಂತ ಮೇಲೆ ಹೋಗುವ ಮೊದಲು ಮಂಗಳೂರಿಗೆ ಇಳಿದು ಅಲ್ಲಿಯೂ ಒಮ್ಮೆ ಅಳೆಯಿರಿ. ದಂಡೆಯಲ್ಲಿ ಗಾಳಿ ದಟ್ಟ, ಮಿಶ್ರಣ ತೆಳುವಾಗುವುದು ಅಲ್ಲಿಯೇ; ಜೆಟ್ ಆರಿಸಬೇಕಾದದ್ದು ಅಲ್ಲಿನ ಸಂಖ್ಯೆಗೆ. ಹಳೆಯ ಪ್ಲಂಜರನ್ನು ಎಸೆಯಬೇಡಿ, ಸಾಧ್ಯವಾದರೆ ಅದರ ಚಿತ್ರ ಹಾಕಿ.